ಕಂಬಳಿಗೆ ಮೈಲಿಗೆ ಇಲ್ಲ

ಮಳೆ ಜಾಕೆಟ್ಟನ್ನು ಒಗೆಯಬೇಕೋ ಬೇಡವೋ ಅಂತ ನಮ್ಮ ಆಫೀಸಿನಲ್ಲಿ ಪ್ರತಿ ಜೂನ್ ತಿಂಗಳು ಒಂದು ವಾದ ಎದ್ದೇಳುತ್ತದೆ. ಟ್ರೆಕಿಂಗಿಗೆ ಅಂತ ಸಾವಿರಾರು ರೂಪಾಯಿ ಕೊಟ್ಟು ತಂದ ಜಾಕೆಟ್ಟು ಎರಡು ಮಳೆಗಾಲ ಕಳೆಯುವುದರೊಳಗೆ ನೀರು ಕುಡಿಯಲು ಶುರು ಮಾಡುತ್ತದೆ. ಒಗೆದಿದ್ದಕ್ಕೇ ಕೆಟ್ಟಿತು ಅಂತ ಒಬ್ಬ, ಒಗೆಯದೇ ಇಟ್ಟಿದ್ದಕ್ಕೆ ಕೆಟ್ಟಿತು ಅಂತ ಇನ್ನೊಬ್ಬ. ಮಜಾ ಅಂದ್ರೆ ಇಬ್ಬರು ಹೇಳುವುದೂ ಖರೆ. ಅದು ಹೆಂಗ ಖರೆ ಅಂತ ತಿಳಿಯಬೇಕಾದರೆ ಕಂಪನಿಯ ವೆಬ್‌ಸೈಟಿಗಿಂತ ನಮ್ಮ ಬೈಲಹೊಂಗಲ-ಸವದತ್ತಿ ಕಡೆಯ ಕರಿ ಕಂಬಳಿಯಿಂದ ಶುರು ಮಾಡುವುದು ಒಳ್ಳೆಯದು.

ನಮ್ಮ ಸೀಮೆಯ ಮಳೆ ಒಂದೇ ನಮೂನಿ ಇಲ್ಲ. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಅಲ್ಲಿ ಮಳೆ ಅಂದ್ರೆ ತಿಂಗಳುಗಟ್ಟಲೆ ಸೂರ್ಯ ಕಾಣದ ಮಳೆ. ಕಿತ್ತೂರಿನ ಹತ್ತಿರ ಅದು ಮಲೆನಾಡಿನ ಸೆರಗು. ಭತ್ತ ಮುಗಿದು ಜೋಳ ಶುರುವಾಗುವ ಜಾಗ. ಬೈಲಹೊಂಗಲಕ್ಕೆ ಬಂದರೆ ಎರಿ ಹೊಲ, ಸವದತ್ತಿ ದಾಟಿ ರಾಮದುರ್ಗಕ್ಕೆ ಹೋದರೆ ಮೋಡ ನೋಡಿ ಸಮಾಧಾನ ಮಾಡಿಕೊಳ್ಳುವ ಬಯಲುಸೀಮೆ. ಒಂದೇ ಹೊಳೆಯ ಗುಂಟ ನೂರು ಚಿಲ್ಲರೆ ಕಿಲೋಮೀಟರ್ ಇಳಿಯುವುದರೊಳಗೆ ಮಳೆಯ ಲೆಕ್ಕವೇ ಬದಲಾಗುತ್ತದೆ. ಮಲೆನಾಡಿನ ಗದ್ದೆಯವರು ಬಿದಿರು ಮತ್ತು ಎಲೆಯ ಗೊರಬು ಹಾಕಿ ಬಗ್ಗಿ ನಾಟಿ ಮಾಡಿದರು. ಬಯಲುಸೀಮೆಯವರಿಗೆ ಬೇಕಾಗಿದ್ದು ಬೇರೆ. ಮಳೆ ಬಂದರೆ ಹೊದೆಯಬೇಕು, ಹೊಳವಾದರೆ ಹೆಗಲ ಮೇಲೆ ಒಗೆಯಬೇಕು, ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಹಾಸಬೇಕು, ರಾತ್ರಿ ಕುರಿ ಹಟ್ಟಿಯಲ್ಲಿ ಹೊದ್ದು ಮಲಗಬೇಕು. ಇಷ್ಟೂ ಕೆಲಸಕ್ಕೆ ಒಂದೇ ಅರಿವೆ: ಕಂಬಳಿ.

ಮಿರಗದ ಮಳೆಯಲ್ಲಿ ಕಂಬಳಿ ಕೊಪ್ಪಿ ಹಾಕುವುದನ್ನು ನೋಡಿದವರು ಈಗ ಕಡಿಮೆ. ಕಂಬಳಿಯನ್ನು ಉದ್ದಕ್ಕೆ ಮಡಚಿ, ಒಂದು ತುದಿಯ ಮೂಲೆಯನ್ನು ಒಳಗೆ ತಿರುವಿ ಚೂಪು ಮಾಡಿ ತಲೆಗೆ ಏರಿಸಿದರೆ ಮುಗಿಯಿತು. ತಲೆ, ಬೆನ್ನು, ಮೊಣಕಾಲಿನ ಹಿಂಭಾಗದ ತನಕ ರಕ್ಷಣೆ. ಎರಡೂ ಕೈ ಬಿಡುವು. ಕಸ ತೆಗೆಯಬಹುದು, ಎಡಿ ಹೊಡೆಯಬಹುದು. ಕೊಡೆ ಹಿಡಿದವನಿಗೆ ಒಂದು ಕೈ ಕೆಲಸಕ್ಕೆ ಇಲ್ಲ. ಅದಕ್ಕೇ ನಮ್ಮಲ್ಲಿ ಕೊಡೆ ಮಾಸ್ತರರದ್ದು, ಕಂಬಳಿ ಒಕ್ಕಲಿಗನದ್ದು.

ಇದೇನು ಹಳ್ಳಿಗರ ಜುಗಾಡ್ ಅಂತ ತಿಳಿಯಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಖಜಾನೆಗೆ ಬರುವ ಬೆಲೆಬಾಳುವ ವಸ್ತುಗಳನ್ನು ಪರೀಕ್ಷಿಸುವ ಅಧ್ಯಾಯ ಒಂದಿದೆ. ಅಲ್ಲಿ ರತ್ನ, ಚಂದನ, ತೊಗಲುಗಳ ಜೊತೆ ಕಂಬಳಿಗಳ ಪಟ್ಟಿಯೂ ಬರುತ್ತದೆ. ಅದರಲ್ಲಿ ನೇಪಾಳದಿಂದ ಬರುವ, ಎಂಟು ತುಂಡು ಜೋಡಿಸಿದ ಒಂದು ಕಪ್ಪು ಕಂಬಳಿಗೆ ಮಳೆ ತಡೆಯುವುದು ಅಂತಲೇ ಗುರುತು ಹಾಕಿದ್ದಾನೆ. ಅಂದರೆ ‘ವಾಟರ್‌ಪ್ರೂಫ್’ ಅನ್ನುವುದು ಆಗಲೇ ಮಾಲಿನ ಒಂದು ಗುಣ, ಅದಕ್ಕೊಂದು ದರ್ಜೆ. ದಕ್ಷಿಣಕ್ಕೆ ಬಂದರೆ, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರು ನೇಯುವ ಕಂಬಳಿಗಳ ಬಗ್ಗೆ ಬರೆದುಕೊಂಡಿದ್ದಾನೆ. ಕಂಪನಿ ಸರಕಾರಕ್ಕೆ ಯಾವುದರಿಂದ ಎಷ್ಟು ದುಡ್ಡು ಹುಟ್ಟುತ್ತದೆ ಅನ್ನುವುದೇ ಅವನ ಚಿಂತೆ, ಆದರೂ ನಮಗೆ ಉಪಕಾರ ಆಗಿದೆ.

ಕಂಬಳಿ ಮಳೆಯನ್ನು ತಡೆಯುವುದು ಹೇಗೆ? ಬಟ್ಟೆಯಲ್ಲಿ ತೂತಿಲ್ಲದ್ದಕ್ಕೆ ಅಲ್ಲ. ಬಿಸಿಲಿಗೆ ಹಿಡಿದು ನೋಡಿ, ಬೆಳಕು ಕಾಣುತ್ತದೆ. ಕುರಿಯ ಉಣ್ಣೆಯ ಪ್ರತಿ ಎಳೆಯ ಹೊರಮೈಗೆ ಮೀನಿನ ಹಾಗೆ ಸಣ್ಣ ಹುರುಪೆಗಳಿವೆ, ಅದರ ಮೇಲೆ ಜಿಡ್ಡಿನ ಒಂದು ತೆಳು ಪದರ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ ಹನಿ ಇದರ ಮೇಲೆ ಹರಡುವುದಿಲ್ಲ, ಮಣಿಯಾಗಿ ಉರುಳುತ್ತದೆ. ಇನ್ನು ಎಳೆಯ ಒಳಗಿನ ಭಾಗ ಇದಕ್ಕೆ ಪೂರ್ತಿ ಉಲ್ಟಾ. ಅದು ಆವಿಯನ್ನು ಪ್ರೀತಿಯಿಂದ ಹೀರುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಹಸಿ ಅನ್ನಿಸುವುದಿಲ್ಲ. ಹೀರುವಾಗ ಚೂರು ಶಾಖವನ್ನೂ ಬಿಡುತ್ತದೆ. ಹೊರಗಿನ ಹನಿ ಹೊರಗೇ, ಒಳಗಿನ ಬೆವರು ಮಾತ್ರ ಹೊರಗೆ. ಇವತ್ತಿನ ಜಾಕೆಟ್ ಕಂಪನಿಗಳು ಜಾಹೀರಾತಿನಲ್ಲಿ ಹೇಳುವುದು ಇದನ್ನೇ.

ನಮ್ಮ ಡೆಕ್ಕನಿ ಕುರಿಯ ಉಣ್ಣೆ ಮೆರಿನೊದಂತೆ ನುಣುಪಲ್ಲ. ದಪ್ಪ, ಒರಟು, ಬಹುಪಾಲು ಕಪ್ಪು. ಸ್ವೆಟರಿಗೆ ಬಾರದ ಈ ಒರಟುತನವೇ ಕಂಬಳಿಗೆ ಆಸ್ತಿ. ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ, ಹೆಣ್ಣುಮಕ್ಕಳು ನೂತು, ಹಾಸನ್ನು ಬಯಲಿನಲ್ಲಿ ಎಳೆದು ಕಟ್ಟಿ ಅದಕ್ಕೆ ಹುಣಸಿ ಬೀಜದ ಗಂಜಿ ಹಚ್ಚುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿದ ಅಂಟು ಗಂಜಿ. ಕುಂಚದಿಂದ ತೀಡಿದಾಗ ನೂಲಿನ ಎದ್ದ ಕೂದಲು ಕೂರುತ್ತದೆ, ಕಂಬಳಿಗೆ ಬಿಗಿ ಬರುತ್ತದೆ. ಹೊಸ ಕಂಬಳಿ ರಟ್ಟಿನ ಹಾಗೆ ಸೆಟೆದು ನಿಲ್ಲುವುದು ಅದಕ್ಕೇ. ಮೈಗೆ ಚುಚ್ಚುತ್ತದೆ, ನಿಜ. ಗಟ್ಟಿ ಜಡಿಮಳೆಯಲ್ಲಿ ದಿನವಿಡೀ ನಿಂತರೆ ನೀರು ಕುಡಿದು ಕಲ್ಲಿನಷ್ಟು ಭಾರವೂ ಆಗುತ್ತದೆ. ಕಂಬಳಿಯನ್ನು ಹೊಗಳುವ ಭರದಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ.

ಈಗ ಒಗೆಯುವ ವಿಷಯಕ್ಕೆ ಬರೋಣ. ಕಂಬಳಿಯನ್ನು ಒಗೆಯುತ್ತಿರಲಿಲ್ಲ. ಝಾಡಿಸುವುದು, ಕಲ್ಲಿನ ಮೇಲೆ ಬಿಸಿಲಿಗೆ ಹಾಕುವುದು, ಮಳೆಗಾಲ ಮುಗಿದ ಮೇಲೆ ನುಸಿ ಹತ್ತದಂತೆ ಬೇವಿನ ತಪ್ಪಲ ಇಟ್ಟು ಮಡಚುವುದು, ಇಷ್ಟೇ ಆರೈಕೆ. ಕೆಸರು ಮೆತ್ತಿದರೆ ಒಣಗಲು ಬಿಟ್ಟು ಉದುರಿಸುವುದು. ತೀರಾ ಅನಿವಾರ್ಯ ಆದರೆ ತಣ್ಣೀರು, ಅಂಟವಾಳಕಾಯಿ. ಸೋಡಾ ಹಾಕಿ ಬಿಸಿನೀರಿನಲ್ಲಿ ಅದ್ದಿ ಬಂಡೆಗೆ ಬಡಿದರೆ ಮೂರು ಅನಾಹುತ ಒಟ್ಟಿಗೆ: ಜಿಡ್ಡು ಹೋಗುತ್ತದೆ, ಗಂಜಿ ಹೋಗುತ್ತದೆ, ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಗಿಡ್ಡಾಗುತ್ತದೆ. ‘ಏ ತಮ್ಮಾ, ಕುರಿನ ಯಾರರೆ ಸಬಕಾರ ಹಚ್ಚಿ ತೊಳೀತಾರೇನೋ?’ ಅಂತ ನಮ್ಮಜ್ಜ ಕೇಳುತ್ತಿದ್ದ ಪ್ರಶ್ನೆಯಲ್ಲಿ ಕೆಮಿಸ್ಟ್ರಿ ಎಲ್ಲ ಬಂತು.

ಕಂಬಳಿಗೆ ಮೈಲಿಗೆ ಇಲ್ಲ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಸೂತಕ, ಮುಟ್ಟು, ಚಟ್ಟು ಯಾವುದೂ ಅದಕ್ಕೆ ತಟ್ಟುವುದಿಲ್ಲ. ಬೀರಪ್ಪನ ಪೂಜೆಗೆ ಕಂಬಳಿ ಗದ್ದಿಗಿ ಹಾಸುತ್ತಾರೆ, ಮದುವೆಯಲ್ಲಿ ವಧು-ವರರನ್ನು ಅದರ ಮೇಲೆ ಕೂರಿಸುತ್ತಾರೆ. ಹತ್ತಿ ಬಟ್ಟೆಯನ್ನು ಮಡಿ ಮಾಡಬೇಕಾದರೆ ನೀರಲ್ಲಿ ಅದ್ದಲೇಬೇಕು. ಉಣ್ಣೆಗೆ ಆ ನಿಯಮದಿಂದ ವಿನಾಯಿತಿ. ನಂಬಿಕೆ ಮೊದಲೋ ಅನುಭವ ಮೊದಲೋ ಅನ್ನುವುದು ಕೋಳಿ-ಮೊಟ್ಟೆಯ ಪ್ರಶ್ನೆ. ಆದರೆ ಒಂದು ಅರಿವೆಯನ್ನು ಪದೇ ಪದೇ ತೊಳೆದರೆ ಹಾಳಾಗುತ್ತದೆ ಅನ್ನುವ ಸಂಗತಿಯನ್ನು ನೂರಾರು ವರ್ಷ ಕಾಪಾಡಲು ಇದಕ್ಕಿಂತ ಗಟ್ಟಿಯಾದ ‘ವಾಷ್ ಕೇರ್ ಲೇಬಲ್’ ನನಗಂತೂ ಹೊಳೆಯುವುದಿಲ್ಲ.

ಅತ್ತ ವಿಲಾಯಿತಿಯಲ್ಲಿ ಬೇರೆ ದಾರಿ ಹಿಡಿದಿದ್ದರು. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ರಬ್ಬರನ್ನು ನಾಫ್ತಾದಲ್ಲಿ ಕರಗಿಸಿ ಎರಡು ಬಟ್ಟೆಗಳ ನಡುವೆ ಬಳಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮರುವರ್ಷ, 1824ರ ಅಕ್ಟೋಬರ್ 23ರಂದು, ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತ. ಎರಡಕ್ಕೂ ಸಂಬಂಧ ಇಲ್ಲ. ನಮ್ಮ ಕಡೆಯವರಿಗೆ ಕಾಲ ನೆನಪಿಡಲು ಇದೇ ಸಲೀಸು ಅಂತ ಹೇಳಿದೆ. ಮ್ಯಾಕಿಂಟಾಷನ ಕೋಟು ಮಳೆಯನ್ನು ಪೂರ್ತಿ ತಡೆಯಿತು, ಬೆವರನ್ನೂ ಪೂರ್ತಿ ತಡೆಯಿತು. ಚಳಿಗೆ ಸೆಟೆಯುತ್ತಿತ್ತು, ಬಿಸಿಲಿಗೆ ಅಂಟುತ್ತಿತ್ತು, ಹೊಲಿಗೆಯ ತೂತಿನಲ್ಲಿ ಸೋರುತ್ತಿತ್ತು. ಅದಕ್ಕಿಂತ ಸೋಜಿಗ ಅಂದರೆ ಉಣ್ಣೆ ಬಟ್ಟೆಗೆ ಬಳಿದಾಗ ಉಣ್ಣೆಯಲ್ಲಿದ್ದ ಜಿಡ್ಡೇ ರಬ್ಬರನ್ನು ಕೊಳೆಸುತ್ತಿತ್ತು. ಕಂಬಳಿಯನ್ನು ಕಾಯುವ ಜಿಡ್ಡು ಕೋಟಿಗೆ ವೈರಿ. 1840ರ ದಶಕದಲ್ಲಿ ಗಂಧಕ ಬೆರೆಸಿ ರಬ್ಬರನ್ನು ಕಾಯಿಸುವ ವಿದ್ಯೆ ಬಳಕೆಗೆ ಬಂದ ಮೇಲೆ ಸೆಟೆಯುವ, ಅಂಟುವ ತೊಂದರೆ ನಿಂತಿತು. ಬೆವರಿನ ತೊಂದರೆ ನಿಲ್ಲಲಿಲ್ಲ.

ನಮ್ಮ ಹೊಲಗಳಿಗೆ ಆ ಕೋಟು ಬರಲೇ ಇಲ್ಲ. ಕಂಬಳಿಯನ್ನು ಇಳಿಸಿದ್ದು ಗೊಬ್ಬರದ ಚೀಲ. 1970ರ ದಶಕದಲ್ಲಿ ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ನಿಂತು ಕಾಲುವೆ ಹರಿಯಿತು. ಕಾಲುವೆ ಹಿಂದೆ ಹೈಬ್ರಿಡ್ ಹತ್ತಿ, ಗೋವಿನಜೋಳ ಬಂದವು, ಅವುಗಳ ಹಿಂದೆ ಯೂರಿಯಾ. (1980ರ ನರಗುಂದ-ನವಲಗುಂದ ಬಂಡಾಯ ಇದೇ ಕಾಲುವೆಯ ಕರದ ಮೇಲೆ ಎದ್ದದ್ದು, ಅದು ಬೇರೆಯೇ ಕತೆ.) ಮಂಗಳೂರಿನ ಗೊಬ್ಬರದ ಕಾರ್ಖಾನೆ 1976ರಲ್ಲಿ ಶುರುವಾಯಿತು, ಆಮೇಲಾಮೇಲೆ ‘ಮಂಗಳಾ’ ಚೀಲ ಇಲ್ಲದ ಮನೆಯೇ ಇರಲಿಲ್ಲ. ನೇಯ್ದ ಪ್ಲಾಸ್ಟಿಕ್ ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿದರೆ ಥೇಟ್ ಕಂಬಳಿ ಕೊಪ್ಪಿಯದೇ ಆಕಾರ. ತೂಕ ಇಲ್ಲ, ಖರ್ಚಿಲ್ಲ, ಹರಿದರೆ ಇನ್ನೊಂದು. ಒಗೆಯುವ ಕ್ರಮವೂ ತಿರುವಿತು. ಕಂಬಳಿಗೆ ನೀರು ತಾಕಿಸಬಾರದಿತ್ತು; ಚೀಲವನ್ನು ಮೊದಲು ಹಳ್ಳದಲ್ಲಿ ಒಳಗು-ಹೊರಗು ಮಾಡಿ ಜಾಲಾಡಲೇಬೇಕು, ಇಲ್ಲದಿದ್ದರೆ ಉಳಿದ ಗೊಬ್ಬರ ಮಳೆನೀರಿಗೆ ಕರಗಿ ಕುತ್ತಿಗೆಗೆ ಇಳಿದು ಉರಿ ಏಳುತ್ತದೆ. ಕಸ ತೆಗೆಯುವ ಆಳುಗಳ ಸಾಲು ದೂರದಿಂದ ಬಿಳಿ ಕೊಕ್ಕರೆ ಹಿಂಡಿನ ಹಾಗೆ ಕಾಣುವುದು ನನ್ನ ಬಾಲ್ಯದ ಮಳೆಗಾಲ. ಅಪ್ಪನ ತಲೆಯ ಮೇಲೆ ಚೀಲ, ಅಜ್ಜನ ತಲೆಯ ಮೇಲೆ ಕಂಬಳಿ. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಅಂಗಿ ಬೆವರಿಗೇ ತೊಯ್ದಿರುತ್ತಿತ್ತು.

ಮಳೆ ಹೊರಗೆ, ಬೆವರೂ ಹೊರಗೆ ಅನ್ನುವ ಹಳೇ ಲೆಕ್ಕವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಡಿಸಿದ್ದು ಅಮೆರಿಕದ ಬಾಬ್ ಗೋರ್. 1969ರಲ್ಲಿ ಅವನು ಕಾಯಿಸಿದ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ ಕೋಲನ್ನು ಮೆಲ್ಲಗೆ ಎಳೆಯುವ ಬದಲು ಜೋರಾಗಿ ಜಗ್ಗಿದ. ತುಂಡಾಗುವ ಬದಲು ಅದು ಹಿಗ್ಗಿ, ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳ ಹಾಳೆಯಾಯಿತು. ಹನಿ ನುಸುಳದು, ಆವಿ ನುಸುಳುತ್ತದೆ. 1976ರ ಹೊತ್ತಿಗೆ ಗೋರ್-ಟೆಕ್ಸ್ ಬಟ್ಟೆ ಮಾರುಕಟ್ಟೆಗೆ ಬಂತು. ಬಂದ ಹೊಸದರಲ್ಲೇ ದೂರೂ ಬಂತು: ಸೋರುತ್ತದೆ. ಕಾರಣ ಮನುಷ್ಯನ ಮೈಯ ಎಣ್ಣೆ. ಬೆವರಿನ ಜೊತೆ ಅದು ಹಾಳೆಗೆ ಹತ್ತಿದರೆ ಹಾಳೆ ನೀರಿಗೆ ದಾರಿ ಬಿಡುತ್ತಿತ್ತು. ಆಮೇಲೆ ಒಳಬದಿಗೆ ಇನ್ನೊಂದು ಪದರ ಬಳಿದು ಕಾಪಾಡಿದರು.

ಇಷ್ಟಾದರೂ ಜಾಕೆಟ್ಟಿನ ಮಳೆ ಮೊದಲು ಬೀಳುವುದು ಆ ಹಾಳೆಯ ಮೇಲಲ್ಲ, ಅದರ ಮೇಲಿನ ಮಾಮೂಲಿ ನೈಲಾನ್ ಬಟ್ಟೆಯ ಮೇಲೆ. ಆ ಬಟ್ಟೆಗೆ ನೀರು ಹತ್ತದ ಒಂದು ಲೇಪ ಇರುತ್ತದೆ. ಕುರಿಯ ಜಿಡ್ಡಿನ ಕೆಲಸವನ್ನು ಇಲ್ಲಿ ಮಾಡುವುದು ಅದೇ. ಅದು ಸವೆದರೆ ಬಟ್ಟೆ ನೀರು ಕುಡಿಯುತ್ತದೆ. ಒಳಗಿನ ಹಾಳೆ ಗಟ್ಟಿಯಿದ್ದರೂ ಬೆವರು ಹೊರಹೋಗಲು ದಾರಿ ಮುಚ್ಚಿ ನೀವು ಒಳಗಿನಿಂದ ತೊಯ್ಯುತ್ತೀರಿ, ಜಾಕೆಟ್ ಸೋರಿತು ಅಂತ ಬೈಯುತ್ತೀರಿ.

ಆಫೀಸಿನ ಜಗಳಕ್ಕೆ ಉತ್ತರ ಇಲ್ಲೇ ಇದೆ. ಒಗೆಯದೇ ಬಿಟ್ಟರೆ ಧೂಳು, ಹೊಗೆ, ಮೈಯೆಣ್ಣೆ ಲೇಪವನ್ನು ಮುಚ್ಚುತ್ತವೆ. ಬಟ್ಟೆಯ ಪುಡಿ ಹಾಕಿ ಒಗೆದರೆ ಪುಡಿಯ ಅಂಶ ಎಳೆಗಳಲ್ಲೇ ಉಳಿಯುತ್ತದೆ. ಸಬಕಾರದ ಕಣಕ್ಕೆ ಎರಡು ತುದಿ. ಒಂದು ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಕರೆಯುತ್ತದೆ. ಅದು ಲೇಪದ ಮೇಲೆ ಕೂತರೆ ಮಳೆಗೆ ಬಾಗಿಲು ತೆಗೆದಿಟ್ಟಂತೆ. ಪರಿಮಳದ ಫ್ಯಾಬ್ರಿಕ್ ಕಂಡಿಷನರ್ ಅಂತೂ ಇನ್ನೂ ಕೆಟ್ಟದ್ದು. ಹಾಗಾಗಿ ಒಗೆಯಬೇಕು, ಆದರೆ ಕಂಬಳಿಯ ಮೇಲಿನ ಭಯ-ಭಕ್ತಿ ಇಟ್ಟುಕೊಂಡು: ಜಿಪ್ ಎಲ್ಲ ಹಾಕಿ, ಉಗುರುಬೆಚ್ಚಗಿನ ನೀರು, ಒಂಚೂರೇ ದ್ರವ ಸಬಕಾರ ಅಥವಾ ಇದಕ್ಕಂತಲೇ ಸಿಗುವ ಸೋಪು, ಆಮೇಲೆ ನೊರೆ ಪೂರ್ತಿ ಹೋಗುವ ತನಕ ಎರಡು ಮೂರು ಸಲ ಜಾಲಾಡುವುದು. ಹಿಂಡಬೇಡಿ. ನೆರಳಲ್ಲಿ ಒಣಗಿದ ಮೇಲೆ, ಪಟ್ಟಿಯಲ್ಲಿ ಬೇಡ ಅಂತ ಇಲ್ಲದಿದ್ದರೆ, ತೆಳು ಬಟ್ಟೆ ಮುಚ್ಚಿ ಕಡಿಮೆ ಕಾವಿನ ಇಸ್ತ್ರಿ ಆಡಿಸಿ. ಶಾಖಕ್ಕೆ ಲೇಪ ಮತ್ತೆ ಚುರುಕಾಗುತ್ತದೆ. ಆಗಲೂ ಹನಿ ಮಣಿಯಾಗದಿದ್ದರೆ ಲೇಪ ತೀರಿದೆ ಅಂತ, ಹೊಸದು ಸಿಂಪಡಿಸಬೇಕು. ರಸ್ತೆ ಬದಿಯ ಪಿವಿಸಿ ರೇನ್‌ಕೋಟಿಗೆ ಈ ಯಾವ ಉಪಚಾರವೂ ಬೇಡ. ಒರೆಸಿ ನೇತುಹಾಕಿ, ಇಸ್ತ್ರಿಯಂತೂ ಮುಟ್ಟಿಸಲೇಬೇಡಿ. ಯಾವುದೇ ಇರಲಿ, ಹಸಿ ಹಸಿ ಮಡಚಿ ಬೈಕಿನ ಡಿಕ್ಕಿಯಲ್ಲಿ ಮುಂದಿನ ಮಳೆಗಾಲದ ತನಕ ಇಟ್ಟರೆ ಒಳಲೇಪ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಹಳೆಯ ಲೇಪಗಳು ನೀರನ್ನೂ ಎಣ್ಣೆಯನ್ನೂ ಎರಡನ್ನೂ ತಳ್ಳುತ್ತಿದ್ದವು. ಅವುಗಳಲ್ಲಿದ್ದ ಫ್ಲೋರಿನ್ ರಾಸಾಯನಿಕಗಳು ಮಣ್ಣಿನಲ್ಲಿ, ನೀರಿನಲ್ಲಿ, ರಕ್ತದಲ್ಲಿ ಕರಗದೆ ಉಳಿಯುತ್ತವೆ ಅಂತ ಗೊತ್ತಾಗಿ ಈಗ ಕೈಬಿಡುತ್ತಿದ್ದಾರೆ; ಕ್ಯಾಲಿಫೋರ್ನಿಯಾ ಅಂತೂ 2025ರಿಂದ ಬಟ್ಟೆಗಳಲ್ಲಿ ನಿಷೇಧವನ್ನೇ ತಂದಿದೆ. ಹೊಸ ಲೇಪಗಳು ಎಣ್ಣೆಯನ್ನು ತಡೆಯುವುದಿಲ್ಲ, ಅದಕ್ಕೇ ಹೊಸ ಜಾಕೆಟ್ಟುಗಳನ್ನು ಇನ್ನೂ ಹೆಚ್ಚು ಸಲ ಒಗೆಯಿರಿ ಅಂತ ಕಂಪನಿಗಳು ಹೇಳುತ್ತಿವೆ.

ಊರಲ್ಲಿ ಕಂಬಳಿ ಈಗ ಹೆಚ್ಚಾಗಿ ಕಾಣುವುದು ಸನ್ಮಾನದ ವೇದಿಕೆಯ ಮೇಲೆ, ಚುನಾವಣೆ ಹತ್ತಿರ ಬಂದಾಗ ರಾಜಕಾರಣಿಗಳ ಹೆಗಲ ಮೇಲೆ. ಕುರಿಯನ್ನು ಸಾಕುವುದು ಮಾಂಸಕ್ಕೆ. ಉಣ್ಣೆ ಇಲ್ಲದ, ಬೇಗ ತೂಕ ಬರುವ ಯಳಗದಂಥ ತಳಿಗಳನ್ನು ಬೆರೆಸಿದಷ್ಟೂ ಮೈಮೇಲಿನ ಉಣ್ಣೆ ಕಡಿಮೆಯಾಗುತ್ತದೆ. ಮಳೆಯಲ್ಲಿ ಹೊಲದಾಗ ನಿಂತ ಕುರಿಗೂ ಆಗ ಕಂಬಳಿ ಇಲ್ಲ. ಉಳಿದ ಡೆಕ್ಕನಿ ಕುರಿಗಳ ಉಣ್ಣೆ ಕತ್ತರಿಸುವ ಕೂಲಿ ಉಣ್ಣೆಯ ಬೆಲೆಗಿಂತ ಜಾಸ್ತಿ. ಆದರೂ ಕತ್ತರಿಸಲೇಬೇಕು, ಇಲ್ಲದಿದ್ದರೆ ಕುರಿಗೆ ಹೇನು, ಉಣುಗು. ಕತ್ತರಿಸಿದ್ದನ್ನು ಕೊಳ್ಳುವವರಿಲ್ಲದೆ ತಿಪ್ಪೆಗೆ ಸುರಿಯುತ್ತಾರೆ. ಉಣ್ಣೆಯ ತೂಕದಲ್ಲಿ ನೂರಕ್ಕೆ ಸುಮಾರು 16 ಭಾಗ ಸಾರಜನಕ, ಯೂರಿಯಾದಲ್ಲಿ 46. ಮೆಲ್ಲಗೆ ಕೊಳೆತು ಒಂದೆರಡು ಬೆಳೆಗೆ ಗೊಬ್ಬರವಾಗುತ್ತದೆ. ಯೂರಿಯಾ ಸಿಗದೆ ಸೊಸೈಟಿ ಮುಂದೆ ಪಾಳಿ ಹಚ್ಚುವ ದಿನಗಳಲ್ಲಿ ಕಪ್ಪು ಉಣ್ಣೆಯ ಗುಡ್ಡೆಯನ್ನು ಎರಿ ಹೊಲಕ್ಕೆ ಹರಗುವವರು ನಮ್ಮ ಕಡೆ ಇದ್ದಾರೆ. ಪಾಳಿಯಲ್ಲಿ ನಿಂತವರ ತಲೆ ಮೇಲೆ, ಮಳೆ ಬಂದರೆ, ಅದೇ ಚೀಲ.