ಕಥೆಗಳಲ್ಲಿ ಹುಡುಗರ ದರ್ಪ ಮತ್ತು ದಬ್ಬಾಳಿಕೆ

ಬಲಶಾಲಿಯಾದ ಹುಡುಗನೊಬ್ಬನು ಮರದ ಬುಡವನ್ನು ಒದೆಯುತ್ತಿದ್ದಾನೆ. ಮರವನ್ನೇರಿದ್ದ ಅವನ ದಾಯಾದಿ ಸೋದರರು ಮಾಗಿದ ಹಣ್ಣುಗಳಂತೆ ಉದುರಿ ನೆಲಕ್ಕೆ ಬೀಳುತ್ತಿದ್ದಾರೆ. ಕೆಳಗೆ ನಿಂತವನು ನಗುತ್ತಿದ್ದಾನೆ. ಕಥೆಯನ್ನು ಕೇಳುವ ನಾವೂ ನಗುತ್ತೇವೆ. ಏಕೆಂದರೆ ಒದೆಯುತ್ತಿರುವವನು ಭೀಮಸೇನ, ಉದುರುತ್ತಿರುವವರು ಕೌರವರು. ಕಥೆಯ ಕೊನೆಯನ್ನು ಮೊದಲೇ ಬಲ್ಲ ನಮಗೆ ಬಿದ್ದವರ ಮೈಯ ನೋವು ಕಾಣುವುದಿಲ್ಲ.

ಆದರೆ ಆ ನೋವನ್ನು ಕಂಡು ಬರೆದವರು ನಮ್ಮ ಸೀಮೆಯಲ್ಲಿಯೇ ಹುಟ್ಟಿದ್ದರು. ಹೊಸೂರಿಗೆ ಸಮೀಪದ ತೊರಪಲ್ಲಿಯಲ್ಲಿ 1878ರಲ್ಲಿ ಜನಿಸಿ, ಹೊಸೂರಿನ ಶಾಲೆಯಲ್ಲಿ ಬಾಲ್ಯದ ವಿದ್ಯಾಭ್ಯಾಸ ಮಾಡಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಮಹಾಭಾರತವನ್ನು ಮೊದಲು ತಮಿಳಿನಲ್ಲಿಯೂ, ಅನಂತರ 1951ರಲ್ಲಿ ಪ್ರಕಟವಾದ ಇಂಗ್ಲಿಷ್ ಗ್ರಂಥದಲ್ಲಿಯೂ ಸರಳವಾಗಿ ನಿರೂಪಿಸಿದರು. ಭೀಮನು ಕೌರವರ ಕೂದಲು ಹಿಡಿದು ಎಳೆಯುತ್ತಿದ್ದುದನ್ನೂ, ಅವರನ್ನು ತಬ್ಬಿಕೊಂಡು ನೀರಿನಲ್ಲಿ ಮುಳುಗಿ ಉಸಿರು ಕಟ್ಟುವವರೆಗೂ ಬಿಡದಿದ್ದುದನ್ನೂ ಅವರು ಮುಚ್ಚಿಡಲಿಲ್ಲ. ದುರ್ಯೋಧನನ ದ್ವೇಷವು ಬಾಲ್ಯದ ಈ ಪೆಟ್ಟುಗಳಿಂದ ಬೆಳೆಯಿತೆಂಬುದನ್ನು ಅವರು ಸ್ಪಷ್ಟವಾಗಿಯೇ ಸೂಚಿಸಿದ್ದಾರೆ. ಮುಂದೆ ದುರ್ಯೋಧನನು ಭೀಮನಿಗೆ ವಿಷವನ್ನು ಉಣಿಸಿ, ಕೈಕಾಲು ಕಟ್ಟಿ ಗಂಗೆಗೆ ತಳ್ಳಿದ ಘೋರಕೃತ್ಯಕ್ಕೆ ಇದು ಸಮರ್ಥನೆಯಲ್ಲ. ಆದರೆ ಇದು ಅದರ ಪೂರ್ವಕಥೆ. ಕುರುಕ್ಷೇತ್ರದ ಮೊದಲ ಹೆಜ್ಜೆಗಳು ಆಟದ ಬಯಲಿನಲ್ಲಿಯೇ ಬಿದ್ದಿದ್ದವು ಎಂದರೆ ತಪ್ಪಾಗಲಾರದು.

ಈ ನಡತೆಗೆ ನಮ್ಮ ನುಡಿಯಲ್ಲಿ ಒಂದೇ ಹೆಸರಿಲ್ಲ. ಕೀಟಲೆ, ಗೇಲಿ, ಚುಡಾಯಿಸುವುದು, ಕಾಟ, ಪುಂಡಾಟ, ದಬ್ಬಾಳಿಕೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಸರುಗಳಿವೆ. ಕೀಟಲೆಯು ಯಾವ ಗಳಿಗೆಯಲ್ಲಿ ಕಾಟವಾಯಿತೆಂಬುದನ್ನು ಮಾಡುವವನು ಬಹುಮಟ್ಟಿಗೆ ಅರಿಯನು. ಪಡುವವನು ಮಾತ್ರ ತಪ್ಪದೆ ಅರಿಯುವನು. ಆದುದರಿಂದಲೇ ಈ ವಿಷಯದಲ್ಲಿ ಶಾಲೆಯ ದಾಖಲೆಗಳಿಗಿಂತ ಕಥೆಗಳು ಹೆಚ್ಚು ನಂಬತಕ್ಕ ಸಾಕ್ಷಿಗಳೆಂದು ನಮ್ಮ ಭಾವನೆ. ಆ ಸಾಕ್ಷಿಗಳಲ್ಲಿ ಕೆಲವನ್ನು ಕಾಲಾನುಕ್ರಮವಾಗಿ ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ.

ಮಹಾಭಾರತವನ್ನು ಇನ್ನೂ ಒಂದು ಗಳಿಗೆ ಬಿಡದಿರೋಣ. ದ್ರೋಣಾಚಾರ್ಯರ ಶಿಷ್ಯಮಂಡಲಿಯು ನಮ್ಮ ಸಾಹಿತ್ಯದ ಅತ್ಯಂತ ಪ್ರಸಿದ್ಧವಾದ ತರಗತಿಯಷ್ಟೆ. ಅಲ್ಲಿ ಅರ್ಜುನನು ಮೆಚ್ಚಿನ ಶಿಷ್ಯ. ಆ ಮೆಚ್ಚಿಗೆಗೆ ಕುಂದು ಬಾರದಿರಲೆಂದು ಹೊರಗೆ ನಿಂತು ಕಲಿತ ಏಕಲವ್ಯನು ಹೆಬ್ಬೆರಳನ್ನು ಒಪ್ಪಿಸಬೇಕಾಯಿತು. ವಿದ್ಯಾಪ್ರದರ್ಶನದ ದಿನ ಕರ್ಣನು ರಂಗಕ್ಕೆ ಬಂದು ಅರ್ಜುನನಿಗೆ ಸರಿಸಮನಾದ ಕೌಶಲವನ್ನು ತೋರಿದಾಗ, ಕೃಪಾಚಾರ್ಯರು ಅವನ ಕುಲವನ್ನು ವಿಚಾರಿಸಿದರು. ಸೂತನಾದ ತಂದೆ ಅಧಿರಥನು ಸಭೆಗೆ ಬಂದೊಡನೆ ಭೀಮನು ಗಹಗಹಿಸಿ ನಕ್ಕನು. ತುಂಬಿದ ಸಭೆಯಲ್ಲಿ ಅವನ ಕೈಹಿಡಿದವನು ದುರ್ಯೋಧನನೊಬ್ಬನೇ. ಕರ್ಣನು ಆ ಋಣವನ್ನು ಪ್ರಾಣಾಂತವಾಗಿ ತೀರಿಸಿದನು. ಪೆಟ್ಟು ತಿಂದವನೊಬ್ಬನು ಪೆಟ್ಟು ತಿಂದ ಮತ್ತೊಬ್ಬನನ್ನು ಗುರುತಿಸಿ ಹತ್ತಿರಕ್ಕೆ ಕರೆದುಕೊಂಡನು. ಆದರೆ ಆ ಸ್ನೇಹದ ಬೆಲೆ ಎಷ್ಟಾಯಿತೆಂಬುದನ್ನು ಬಲ್ಲೆವು. ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ಅರ್ಜುನನನ್ನು ನಾಯಕನನ್ನಾಗಿ ಮಾಡಿಯೂ ಕರ್ಣನ ಪಕ್ಷದಲ್ಲಿ ತನ್ನ ಹೃದಯವನ್ನು ಇರಿಸಿದ್ದನೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಅವಮಾನಿತನ ಕಡೆಗೆ ಕಣ್ಣು ತಿರುಗಿಸುವ ಅಭ್ಯಾಸವು ಕನ್ನಡ ಕಾವ್ಯಕ್ಕೆ ಅದರ ಆದಿಯಿಂದಲೇ ಬಂದಿತು.

ಶಾಲೆಯನ್ನೇ ವಸ್ತುವಾಗಿ ಉಳ್ಳ ಕಾದಂಬರಿಯು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ರಸಿದ್ಧಿಗೆ ಬಂದಿತು. ಥಾಮಸ್ ಹ್ಯೂಸ್ ತಾನು ಓದಿದ ರಗ್ಬಿ ಶಾಲೆಯನ್ನು ನೆನೆದು 1857ರಲ್ಲಿ ‘ಟಾಮ್ ಬ್ರೌನನ ಶಾಲಾದಿನಗಳು’ ಎಂಬ ಕಥೆಯನ್ನು ಪ್ರಕಟಿಸಿದನು. ಕಿರಿಯ ಹುಡುಗರು ಹಿರಿಯರ ಚಾಕರಿ ಮಾಡುವುದು ಆ ಶಾಲೆಗಳಲ್ಲಿ ಅಂಗೀಕೃತವಾದ ಪದ್ಧತಿಯಾಗಿತ್ತು. ಫ್ಲಾಷ್‌ಮನ್ ಎಂಬ ಹಿರಿಯ ಹುಡುಗನು ಟಾಮನನ್ನು ಉರಿಯುವ ಬೆಂಕಿಯ ಮುಂದೆ ಹಿಡಿದು ಸುಡಿಸುವಷ್ಟು ಕ್ರೂರನು. ಟಾಮನು ಯಾರ ಮೇಲೂ ದೂರು ಹೇಳುವುದಿಲ್ಲ. ಹೇಳದಿರುವುದೇ ಪೌರುಷವೆಂದು ಆ ಹುಡುಗರ ಲೋಕವು ಅವನಿಗೆ ಕಲಿಸಿತ್ತು. ಇಲ್ಲಿ ನಾವು ಗಮನಿಸತಕ್ಕ ಅಂಶವೊಂದುಂಟು. ಕೊನೆಗೆ ಫ್ಲಾಷ್‌ಮನ್‌ನನ್ನು ಶಾಲೆಯಿಂದ ಹೊರಹಾಕಿದುದು ಅವನು ಮದ್ಯ ಕುಡಿದು ಸಿಕ್ಕಿಬಿದ್ದುದಕ್ಕಾಗಿ, ಚಿಕ್ಕವರನ್ನು ಹಿಂಸಿಸಿದುದಕ್ಕಾಗಿ ಅಲ್ಲ. ಹುಡುಗರು ಹುಡುಗರಿಗೆ ಮಾಡುವ ಅಪರಾಧವು ಹಿರಿಯರ ಕಣ್ಣಿಗೆ ಅಪರಾಧವಾಗಿ ತೋರಲು ಬಹುಕಾಲ ಹಿಡಿಯಿತು.

ನಮ್ಮ ನಾಡಿನ ಹುಡುಗರ ಲೋಕವನ್ನು ಕಾಣಬೇಕಾದರೆ ಮೈಸೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣರ ಬಳಿಗೆ ಬರಬೇಕು. ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಹೊರಬಂದಿತು. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲಿಕೆಯಿಂದ ಈ ಕಥೆ ಮನೆಮನೆಗೂ ತಿಳಿಯಿತು. ಸ್ವಾಮಿಯ ತರಗತಿಯಲ್ಲಿ ಮಣಿಯೆಂಬುವನು ದೊಣ್ಣೆಯ ಬಲದಿಂದ ಮೆರೆಯುವವನು. ಅಂತಹವನ ಸ್ನೇಹವಿದೆಯೆಂಬುದೇ ಸ್ವಾಮಿಗೆ ಹೆಮ್ಮೆ. ಅಷ್ಟರಲ್ಲಿ ರಾಜಂ ಎಂಬ ಹೊಸ ಹುಡುಗನು ಬರುತ್ತಾನೆ. ಅವನ ತಂದೆ ಪೊಲೀಸ್ ಅಧಿಕಾರಿ, ಅವನ ಉಡುಪು ಅಚ್ಚುಕಟ್ಟು, ಅವನ ಇಂಗ್ಲಿಷ್ ದೊರೆಗಳ ಇಂಗ್ಲಿಷಿನಂತೆ ಇದೆ. ಮಣಿಯ ದೊಣ್ಣೆಯ ಅಧಿಕಾರವೂ ರಾಜಂನ ಮನೆತನದ ಅಧಿಕಾರವೂ ಸರಯೂ ನದಿಯ ದಡದಲ್ಲಿ ಎದುರುಬದುರಾಗಿ, ಕಾದಾಡದೆ ಒಂದಾಗಿಬಿಡುತ್ತವೆ. ಸ್ವಾಮಿಯು ಅವರ ಹಿಂದೆ ನಡೆಯತೊಡಗಿದಾಗ, ಹಳೆಯ ಗೆಳೆಯರು ಅವನಿಗೆ ‘ಬಾಲ’ ಎಂಬ ಅಡ್ಡಹೆಸರಿಟ್ಟು ಮಾತು ಬಿಡುತ್ತಾರೆ. ಆ ಒಂದು ಶಬ್ದವು ಅವನನ್ನು ಎಷ್ಟು ಸುಟ್ಟಿತೆಂಬುದನ್ನು ಓದಿದವರು ಮರೆಯಲಾರರು.

ಅದೇ ಕಾದಂಬರಿಯ ಮತ್ತೊಂದು ಪ್ರಸಂಗವು ಇನ್ನೂ ಅರ್ಥಗರ್ಭಿತವಾದುದು. ಬಿಡುವಿನ ದಿನ ಮೂವರು ಗೆಳೆಯರು ಊರ ಹೊರಗಿನ ರಸ್ತೆಯಲ್ಲಿ ಒಂದು ಎತ್ತಿನ ಗಾಡಿಯನ್ನು ತಡೆಯುತ್ತಾರೆ. ಗಾಡಿ ಹೊಡೆಯುತ್ತಿದ್ದವನು ಹಳ್ಳಿಯ ಒಬ್ಬ ಬಾಲಕ. ತಾವು ಸರ್ಕಾರದ ಪೊಲೀಸರೆಂದು ಹೇಳಿ ಅವನನ್ನು ಹೆದರಿಸುತ್ತಾರೆ. ‘ಬಾಲ’ವೆಂಬ ಮಾತಿಗೆ ಕಣ್ಣೀರು ತುಂಬಿಕೊಂಡಿದ್ದ ಸ್ವಾಮಿಯೂ ಆ ಮೂವರಲ್ಲಿ ಒಬ್ಬನು! ರಾಜಂ ತನ್ನ ತಂದೆಯ ಅಧಿಕಾರವನ್ನು ಕಡ ತಂದಿದ್ದಾನೆ. ಸ್ವಾಮಿ ರಾಜಂನಿಂದ ಕಡ ತಂದಿದ್ದಾನೆ. ಗಾಡಿಯ ಹುಡುಗನಿಗೆ ಯಾರಿಂದಲೂ ಕಡ ಹುಟ್ಟಲಿಲ್ಲ. ಮುಂದೆ ಕ್ರಿಕೆಟ್ ಪಂದ್ಯಕ್ಕೆ ಸ್ವಾಮಿ ಬಾರದೆ ಹೋದಾಗ ರಾಜಂ ಅವನನ್ನು ಕಡಿದುಹಾಕುತ್ತಾನೆ. ರಾಜಂ ಊರು ಬಿಡುವ ದಿನ ರೈಲು ನಿಲ್ದಾಣಕ್ಕೆ ಓಡಿಹೋಗಿ ಪುಸ್ತಕವೊಂದನ್ನು ಕೊಟ್ಟ ಸ್ವಾಮಿಗೆ, ಸ್ನೇಹ ಮರಳಿತೋ ಇಲ್ಲವೋ ಎಂಬುದು ಕಡೆಗೂ ಗೊತ್ತಾಗುವುದಿಲ್ಲ. ಕಡ ತಂದ ಗೌರವವು ಕೊಟ್ಟವನ ಮರ್ಜಿ ಇರುವಷ್ಟು ದಿನ ಮಾತ್ರ ಉಳಿಯುತ್ತದೆ.

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯು ಈ ವಿಷಯವನ್ನು ಅಗ್ರಹಾರದ ವೇದಪಾಠಶಾಲೆಗೆ ಒಯ್ಯುತ್ತದೆ. ಗಿರೀಶ ಕಾಸರವಳ್ಳಿಯವರು ಇದನ್ನು ಆಧರಿಸಿ 1977ರಲ್ಲಿ ನಿರ್ಮಿಸಿದ ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲವು ದೊರೆಯಿತು. ಚಿತ್ರದಲ್ಲಿ ನಾಣಿ ಎಂಬ ಚಿಕ್ಕ ಬಾಲಕನು ಹೊಸದಾಗಿ ಪಾಠಶಾಲೆಗೆ ಬಂದಿದ್ದಾನೆ. ಹಿರಿಯ ವಿದ್ಯಾರ್ಥಿಗಳು ಅವನನ್ನು ಪೀಡಿಸುತ್ತಾರೆ. ಗುರುಗಳ ಮಗಳು, ವಿಧವೆಯಾದ ಯಮುನಕ್ಕ ಒಬ್ಬಳೇ ಅವನಿಗೆ ಆಸರೆ. ಆ ಯಮುನೆಯು ಗರ್ಭಿಣಿಯೆಂದು ತಿಳಿದಾಗ ಊರಿನ ಹಿರಿಯರು ಅವಳನ್ನು ಬದುಕಿರುವಾಗಲೇ ಸತ್ತವಳೆಂದು ಎಣಿಸಿ, ಘಟಶ್ರಾದ್ಧ ಮಾಡಿ ಬಹಿಷ್ಕರಿಸುತ್ತಾರೆ. ಪಾಠಶಾಲೆಯ ಹುಡುಗರು ಒಬ್ಬ ಬಾಲಕನಿಗೆ ಮಾಡಿದುದನ್ನೇ ಅಗ್ರಹಾರವು ಒಬ್ಬ ಹೆಂಗಸಿಗೆ ಮಂತ್ರಪೂರ್ವಕವಾಗಿ ಮಾಡಿತು. ಹುಡುಗರು ಈ ವಿದ್ಯೆಯನ್ನು ಯಾರಿಂದ ಕಲಿತರೆಂದು ಬೇರೆ ಕೇಳಬೇಕಾಗಿಲ್ಲ. ಹಾಗೆಯೇ ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ 1994ರಲ್ಲಿ ಬಂದ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ ದಲಿತ ಬಾಲಕನ ಓದುವ ಆಸೆಗೆ ಎದುರಾಗುವುದು ಒಬ್ಬ ತುಂಟನಲ್ಲ, ಒಂದು ಊರಿನ ಕಟ್ಟಳೆ.

ಹಿರಿಯರೇ ಇಲ್ಲದ ಕಡೆ ಹುಡುಗರು ಹೇಗಿರುವರು? ಈ ಪ್ರಶ್ನೆಗೆ ಸ್ವತಃ ಶಾಲೆಯ ಉಪಾಧ್ಯಾಯನಾಗಿದ್ದ ವಿಲಿಯಂ ಗೋಲ್ಡಿಂಗ್ 1954ರಲ್ಲಿ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯನ್ನು ಉತ್ತರವಾಗಿ ಬರೆದನು. ನಿರ್ಜನ ದ್ವೀಪವೊಂದರಲ್ಲಿ ಸಿಲುಕಿದ ಹುಡುಗರು ಮೊದಲು ಶಂಖವನ್ನು ಹಿಡಿದವನಿಗೆ ಮಾತಿನ ಹಕ್ಕೆಂದು ಸಭೆ ಕೂಡುತ್ತಾರೆ. ಕಡೆಗೆ ಬೇಟೆಯ ನಾಯಕನಾದ ಜ್ಯಾಕನ ಹಿಂದೆ ಹೋಗಿ ಕೊಲೆಗೂ ಹೇಸುವುದಿಲ್ಲ. ಅವರಲ್ಲಿ ಬುದ್ಧಿವಂತನೂ ದಢೂತಿಯೂ ಆದ ಹುಡುಗನೊಬ್ಬನಿದ್ದಾನೆ. ‘ಹಂದಿಮರಿ’ ಎಂಬ ಅರ್ಥದ ಅಡ್ಡಹೆಸರಿನಿಂದ ಎಲ್ಲರೂ ಅವನನ್ನು ಕರೆಯುತ್ತಾರೆ. ಆ ಹುಡುಗನ ನಿಜವಾದ ಹೆಸರು ಇಡೀ ಕಾದಂಬರಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಯಾರೂ ಕೇಳಲೇ ಇಲ್ಲ. ಅವನನ್ನು ಕೊಲ್ಲುವುದಕ್ಕೆ ಎಷ್ಟೋ ಮುಂಚೆಯೇ ಅವನ ಹೆಸರನ್ನು ಕೊಂದಿದ್ದರು.

ಇಲ್ಲಿಯವರೆಗೆ ಗಂಡುಹುಡುಗರ ಕಥೆಯೇ ಆಯಿತು. ಹೆಣ್ಣುಮಕ್ಕಳ ಲೋಕದಲ್ಲಿ ದೊಣ್ಣೆಯಿಲ್ಲ, ಆದರೆ ಪಿಸುಮಾತು ಉಂಟು, ಮಾತು ಬಿಡುವ ಶಿಕ್ಷೆ ಉಂಟು. ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ 1988ರಲ್ಲಿ ಪ್ರಕಟಿಸಿದ ‘ಕ್ಯಾಟ್ಸ್ ಐ’ ಕಾದಂಬರಿಯಲ್ಲಿ ಕಾರ್ಡೀಲಿಯ ಎಂಬ ಹುಡುಗಿಯು ಗೆಳತಿ ಎಲೇನಳನ್ನು, ‘ನಿನ್ನನ್ನು ತಿದ್ದುತ್ತಿದ್ದೇವೆ’ ಎಂಬ ಹಿತೈಷಿಯ ವೇಷದಲ್ಲಿಯೇ ಹಿಂಸಿಸುತ್ತಾಳೆ. ಕೆಲವು ವರ್ಷಗಳ ತರುವಾಯ ಪ್ರೌಢಶಾಲೆಯಲ್ಲಿ ತಕ್ಕಡಿ ತಿರುಗುತ್ತದೆ. ಎಲೇನಳ ನಾಲಿಗೆಯೇ ಈಗ ಹರಿತವಾಗಿದೆ, ಕಾರ್ಡೀಲಿಯ ಕುಗ್ಗಿದ್ದಾಳೆ. ದುರ್ಯೋಧನ, ಸ್ವಾಮಿ, ಎಲೇನ್ — ದೇಶ ಬೇರೆ, ಕಾಲ ಬೇರೆ. ಪೆಟ್ಟು ಕೈಯಿಂದ ಕೈಗೆ ದಾಟುವ ಬಗೆ ಮಾತ್ರ ಒಂದೇ.

ಈ ಕಥೆಗಳೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೂರು ಸಂಗತಿಗಳು ನಮಗೆ ತೋರುತ್ತವೆ. ಮೊದಲನೆಯದಾಗಿ, ಹುಡುಗರ ನಡುವಣ ದರ್ಪವು ಬಹುಮಟ್ಟಿಗೆ ಅವರ ಸ್ವಂತದ್ದಲ್ಲ. ತಂದೆಯ ಹುದ್ದೆ, ಜಾತಿ, ಉಡುಪು, ಭಾಷೆ ಇವುಗಳಿಂದ ಎರವಲಾಗಿ ಬಂದದ್ದು. ಎರಡನೆಯದಾಗಿ, ಪೀಡಿಸುವವನು ಒಬ್ಬನಾದರೂ ನಗುವವರು ಹಲವರು. ಆ ನಗೆಯೇ ಅವನ ಸೈನ್ಯ. ಭೀಮನ ನಗೆಗೆ ಸಭೆಯು ಮೌನವಾಗಿ ಒಪ್ಪಿತ್ತೆಂಬುದನ್ನು ನೆನೆಯಿರಿ. ಮೂರನೆಯದಾಗಿ, ನೊಂದವನು ತಾನಾಗಿಯೇ ದಯಾವಂತನಾಗುವನೆಂಬ ನಿಯಮವಿಲ್ಲ. ನೋವನ್ನು ಯಾರಾದರೂ ಕೇಳಿಸಿಕೊಂಡರೆ ಮಾತ್ರ ಅದು ದಯೆಯಾಗುವ ಸಂಭವವುಂಟು.

ಇದನ್ನು ಅವಲಪಲ್ಲಿಯಂತಹ ಊರಿನಲ್ಲಿ ಕುಳಿತು ಬರೆಯುವಾಗ ಭಾಷೆಯ ಮಾತನ್ನು ಬಿಟ್ಟು ಮುಂದೆ ಹೋಗಲಾರೆವು. ಹೊಸೂರು ಸೀಮೆಯ ಮಗುವಿಗೆ ಮನೆಯಲ್ಲಿ ಕನ್ನಡವಾದರೆ ಪಕ್ಕದ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ತಮಿಳು, ಕೆಲವು ಬೀದಿಗಳಲ್ಲಿ ಉರ್ದು. 2006ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ತಮಿಳು ತರಗತಿಯೊಳಕ್ಕೂ ಬಂದಿತು. ಇಷ್ಟು ನುಡಿಗಳನ್ನು ಬಲ್ಲ ಮಗುವು ನಿಜವಾಗಿ ಸಿರಿವಂತ. ಆದರೆ ಆಟದ ಬಯಲಿನಲ್ಲಿ ಆ ಸಿರಿಯೇ ಗೇಲಿಯ ವಸ್ತುವಾಗುತ್ತದೆ. ಒಂದು ‘ಳ’ಕಾರ ತಪ್ಪಿದರೆ, ಒಂದು ಶಬ್ದ ಬೇರೆ ನುಡಿಯಿಂದ ಜಾರಿ ಬಂದರೆ, ಅಂದಿನಿಂದ ಅದೇ ಅಡ್ಡಹೆಸರು. ಆ ಮಗುವು ಮರುದಿನ ತರಗತಿಯಲ್ಲಿ ಬಾಯಿ ತೆರೆಯದಿದ್ದರೆ ನಾವು ಅದನ್ನು ಪಾಠ ಬಾರದೆಂದು ಬರೆದುಕೊಳ್ಳುತ್ತೇವೆ. ಕನ್ನಡದ ಮಕ್ಕಳು ತಮ್ಮನ್ನು ನಕ್ಕವರ ಮೇಲೆ ದೂರುವಾಗ, ತಾವು ತೆಲುಗಿನ ಮಗುವಿನ ಕನ್ನಡವನ್ನು ಕೇಳಿ ನಕ್ಕದ್ದನ್ನೂ ನೆನೆಯಬೇಕು. ಗಾಡಿಯ ಹುಡುಗನು ನಮ್ಮ ರಸ್ತೆಯಲ್ಲಿಯೂ ಇದ್ದಾನೆ.

ಕಾನೂನುಗಳು ಬಂದಿವೆ. ವಿದ್ಯಾಸಂಸ್ಥೆಗಳಲ್ಲಿ ಹಿರಿಯರು ಕಿರಿಯರನ್ನು ಪೀಡಿಸುವುದನ್ನು ತಮಿಳುನಾಡು 1997ರಲ್ಲಿಯೇ ಕಾಯಿದೆಯಿಂದ ನಿಷೇಧಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ತಡೆಯಿತು. ಇವು ಬೇಕಾದುವೇ. ಆದರೆ ಹಿಂದಿನ ಬೆಂಚಿನಿಂದ ಬಂದ ಒಂದು ನಗೆಯನ್ನು ಯಾವ ಕಾಯಿದೆ ಹಿಡಿಯಬಲ್ಲದು? ಅಲ್ಲಿ ಉಪಾಧ್ಯಾಯರ ಕಿವಿಯೇ ಬೇಕು, ಸಹಪಾಠಿಯ ಧೈರ್ಯವೇ ಬೇಕು.

ಆದುದರಿಂದ ಉಪಾಧ್ಯಾಯ ಬಾಂಧವರಲ್ಲಿ ನಮ್ಮದೊಂದು ವಿನಂತಿ. ವಾರಕ್ಕೊಂದು ಪಾಠದ ಅವಧಿಯಲ್ಲಿ ಇಂತಹ ಕಥೆಯೊಂದನ್ನು ಹೇಳಿರಿ. ನೀತಿಯನ್ನು ನೀವು ಹೇಳಬೇಡಿರಿ. ‘ಈ ಕಥೆಯಲ್ಲಿ ನೀನು ಎಲ್ಲಿ ನಿಂತಿದ್ದೆ, ಮರದ ಮೇಲೋ, ಮರದ ಕೆಳಗೋ, ದೂರದಲ್ಲಿ ನಗುತ್ತಿದ್ದವರ ನಡುವೆಯೋ?’ ಎಂದು ಮಾತ್ರ ಕೇಳಿರಿ. ಉತ್ತರವನ್ನು ಬರೆದು ಕೊಡಲಿ. ಹೆಸರು ಬರೆಯುವುದು ಬೇಡ. ವಿದ್ಯಾರ್ಥಿಗಳೇ, ನಿಮ್ಮಲ್ಲಿಯೂ ಒಂದು ಮಾತು. ನಿಮ್ಮ ತರಗತಿಯಲ್ಲಿ ಅಡ್ಡಹೆಸರಿನಿಂದಲೇ ಕರೆಸಿಕೊಳ್ಳುವವನೊಬ್ಬನು ಇದ್ದೇ ಇರುತ್ತಾನೆ. ನಾಳೆ ಬೆಳಗ್ಗೆ ಅವನನ್ನು ಅವನ ತಾಯಿ ಇಟ್ಟ ಹೆಸರಿನಿಂದ ಒಮ್ಮೆ ಕೂಗಿ ನೋಡಿರಿ. ಅವನು ಹೇಗೆ ತಿರುಗಿ ನೋಡುವನೆಂಬುದನ್ನು ಗಮನಿಸಿರಿ.