ಯಲ್ಲಾಪುರದ ಅದಿರು, ಯಲ್ಲಾಪುರದ ನೀರು

ಯಲ್ಲಾಪುರ ಪೇಟೆಯವರು ಗಣಿಯನ್ನು ಕಂಡದ್ದಕ್ಕಿಂತ ಗಣಿ ಲಾರಿಗಳನ್ನು ಕಂಡದ್ದೇ ಹೆಚ್ಚು. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಈ ಊರನ್ನು ಹಾದು ಅರಬೈಲ್ ಘಟ್ಟ ಇಳಿಯುತ್ತದೆ. ಚೀನಾಕ್ಕೆ ಎಷ್ಟು ಅದಿರಿದ್ದರೂ ಸಾಲದಾಗಿದ್ದ ಆ ವರ್ಷಗಳಲ್ಲಿ ಬಳ್ಳಾರಿಯ ಕೆಂಪು ಮಣ್ಣು ಇದೇ ದಾರಿಯಲ್ಲಿ ಬೇಲೆಕೇರಿ ಬಂದರಿಗೆ ಹೋಯಿತು. 2010ರಲ್ಲಿ ಅಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಕಾಣೆಯಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಊರಿಗೆ ಉಳಿದದ್ದು ದೂಳಿನ ನೆನಪು.

ಹಾಗೆಂದು ಗಣಿ ಪರವೂರಿನದು ಎಂದು ಸುಮ್ಮನಿರುವಂತಿಲ್ಲ. ತಾಲೂಕಿನೊಳಗೇ ಬಿಸಗೋಡು ಇದೆ. ಉಕ್ಕು ಗಟ್ಟಿಯಾಗಲು ಬೇಕಾದ ಮ್ಯಾಂಗನೀಸನ್ನು ಅಲ್ಲಿಯ ಗುಡ್ಡ ಅಗೆದು ತೆಗೆದರು. ಅದರ ವಿರುದ್ಧ ಈ ಸೀಮೆಯ ಜನ ದನಿ ಎತ್ತಿದರು. ಗಣಿ ಇನ್ನಷ್ಟು ಹಬ್ಬುತ್ತದೆ ಎಂದಾಗ ಇಲ್ಲಿಯವರು ಮೊದಲು ಕೇಳುವುದು ಉದ್ಯೋಗವೆಷ್ಟು ಎಂದಲ್ಲ, ತೋಟಕ್ಕೆ ನೀರೆಲ್ಲಿಂದ ಎಂದು.

ಕಾರಣವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟ ಕಣಿವೆಯ ತಳದಲ್ಲಿರುತ್ತದೆ, ಅದರ ಬದುಕು ಮೇಲಿನ ಬೆಟ್ಟದಲ್ಲಿ. ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು. ಹಸಿಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ. ಒಣ ಎಲೆಯ ದರಕು ಮರದ ಬುಡಕ್ಕೆ. ಮಳೆಗಾಲದಲ್ಲಿ ಬೆಟ್ಟ ಕುಡಿದ ನೀರೇ ಬೇಸಿಗೆಯಲ್ಲಿ ಅಬ್ಬಿಯಾಗಿ ಜಿನುಗುತ್ತದೆ. ಬೆಟ್ಟದ ನೆತ್ತಿ ಅಗೆದರೆ ಅಬ್ಬಿ ಬತ್ತುತ್ತದೆ, ಹೂಳು ಹಳ್ಳಕ್ಕಿಳಿಯುತ್ತದೆ. ಗುತ್ತಿಗೆಯ ನಕಾಶೆಯಲ್ಲಿ ಗುಂಡಿಯ ಗಡಿಯಷ್ಟೇ ಇರುತ್ತದೆ, ಕೆಳಗಿನ ತೋಟ ಇರುವುದಿಲ್ಲ.

ಲೆಕ್ಕ ಕೇಳುವುದು ಈ ಸೀಮೆಗೆ ಹೊಸತಲ್ಲ. ಬೇಡ್ತಿ ನದಿಯ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಸಂಘದವರು 1981ರಲ್ಲಿ ತಜ್ಞರನ್ನು ಕರೆಸಿ, ಮುಳುಗುವ ತೋಟ–ಕಾಡಿನ ಬೆಲೆಯನ್ನೂ ಅಣೆಕಟ್ಟಿನ ಲಾಭದ ಎದುರಿಟ್ಟು ನೋಡಿದರು. ಅಡಿಕೆ ಮಾರುವ ಸಂಘ ಅಂಥ ಕೆಲಸಕ್ಕೆ ಕೈಹಾಕಿದ್ದು ನನಗೆ ಈಗಲೂ ದೊಡ್ಡ ಸಂಗತಿ. ಯೋಜನೆ ಅಲ್ಲಿಗೆ ನಿಂತಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಗ್ರಾಮದವರು ಕಳಸೆಯ ಕಾಡಿಗೆ ಹೋಗಿ, ಕಡಿತ ತಡೆಯಲು ಮರಗಳನ್ನು ಅಪ್ಪಿ ನಿಂತರು; ಅಪ್ಪಿಕೋ ಚಳವಳಿ ಸಿದ್ದಾಪುರದ ನಿಡಗೋಡಿನವರೆಗೂ ಹೋಯಿತು.

ಈಗ ಹೆದರಿಕೆಗೆ ಇನ್ನೊಂದು ಕಾರಣ ಸೇರಿದೆ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. ಅರಬೈಲ್ ಘಟ್ಟವೂ ಜರಿದು ಹೆದ್ದಾರಿ ಕಡಿದುಹೋಯಿತು. ಗಣಿ ಇಲ್ಲದ ಇಳಿಜಾರಿನ ಕತೆಯೇ ಹೀಗಿದೆ.

ಆದ್ದರಿಂದ ಘಟ್ಟದ ಯಾವ ಗಣಿಯನ್ನಾದರೂ ಹಿಗ್ಗಿಸುವ ಕಡತ ಬಂದರೆ, ಕೆಳಗಿನ ಅಬ್ಬಿ, ಕೆರೆ, ತೋಟಗಳ ಪಟ್ಟಿ ಅದರ ಮೊದಲ ಪುಟದಲ್ಲಿರಬೇಕು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿಹೇಳಲಿ. ಅದಾಗುವವರೆಗೆ ಊರವರು ಒಪ್ಪಿಗೆಯ ರುಜು ಹಾಕಬಾರದು.