ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್



ಕಮ್ಮಿಂಗ್‌ನ ನಮ್ಮ ಮನೆಯ ಹಿತ್ತಲಿಗೆ ಸಂಜೆ ಹೊತ್ತು ಕಾಡುಮೊಲಗಳು ಬರುತ್ತವೆ. ಈ ಬೇಸಿಗೆಯಲ್ಲಿ ನಂಜನಗೂಡಿನಿಂದ ಬಂದಿದ್ದ ನನ್ನ ತಾತ ಕಾಫಿ ಕುಡಿಯುತ್ತಾ ಅವನ್ನೇ ನೋಡುತ್ತಿದ್ದರು. "ತಾತ, ಮೊದಲ ರೇಬೀಸ್ ಲಸಿಕೆ ಮಾಡಿದ್ದು ಮೊಲದ ಬೆನ್ನುಹುರಿಯಿಂದ ಗೊತ್ತಾ?" ಎಂದೆ. ತಾತ ಲೋಟ ಕೆಳಗಿಟ್ಟು ಹೊಟ್ಟೆ ಮುಟ್ಟಿಕೊಂಡರು. "ಹತ್ತು ವರ್ಷದವನಿದ್ದಾಗ ನನಗೆ ಇಲ್ಲೇ ಚುಚ್ಚಿದ್ದು ಕಣಮ್ಮಾ. ಹೊಕ್ಕುಳ ಸುತ್ತ ಹದಿನಾಲ್ಕು."

ಅದೇ ನಾಯಿ ಅವರ ಗೆಳೆಯನನ್ನೂ ಕಚ್ಚಿತ್ತಂತೆ. ಅವನ ಮನೆಯವರು ಗಾಯಕ್ಕೆ ಅರಿಶಿನ ಹಚ್ಚಿ, ತಾಯಿತ ಕಟ್ಟಿಸಿ ಸುಮ್ಮನಾದರು. ಎರಡು ತಿಂಗಳಾದ ಮೇಲೆ ಆ ಹುಡುಗ ನೀರಿನ ಚೊಂಬು ಕಂಡರೆ ಕಿರುಚುತ್ತಿದ್ದ. ಅವನು ಉಳಿಯಲಿಲ್ಲ. ತಾತ ಈ ವಿಷಯವನ್ನು ಇದುವರೆಗೆ ನಮ್ಮ ಅಮ್ಮನಿಗೂ ಹೇಳಿರಲಿಲ್ಲ.

ಆ ಹದಿನಾಲ್ಕು ಇಂಜೆಕ್ಷನ್‌ಗಳು ಎಲ್ಲಿಂದ ಬಂದವು ಎಂದು ಹುಡುಕಿದಾಗ ನಾನು ಮೊದಲು ತಲುಪಿದ್ದು 1880ರ ದಶಕದ ಪ್ಯಾರಿಸ್‌ಗೆ.

ರೇಬೀಸ್ ವೈರಸ್ ಕಚ್ಚಿದ ಜಾಗದಿಂದ ನರಗಳ ಮೂಲಕ ನಿಧಾನವಾಗಿ ಮಿದುಳಿಗೆ ಹೋಗುತ್ತದೆ. ಆಗಿನ ಸೂಕ್ಷ್ಮದರ್ಶಕದಲ್ಲಿ ಅದು ಕಾಣಿಸುತ್ತಿರಲಿಲ್ಲ, ಗಾಜಿನ ಪಾತ್ರೆಯಲ್ಲಿ ಬೆಳೆಯುತ್ತಲೂ ಇರಲಿಲ್ಲ. ಆದ್ದರಿಂದ ಲೂಯಿ ಪಾಶ್ಚರ್ ಮತ್ತು ಎಮಿಲ್ ರೂ ಮೊಲದ ನರಮಂಡಲವನ್ನೇ ಪಾತ್ರೆಯನ್ನಾಗಿ ಮಾಡಿಕೊಂಡರು. ಹುಚ್ಚುನಾಯಿಗಿಂತ ಮೊಲವನ್ನು ಹಿಡಿದುಕೊಳ್ಳುವುದು ಸುಲಭ, ಅಪಾಯವೂ ಕಡಿಮೆ. ಒಂದು ಮೊಲದಿಂದ ಇನ್ನೊಂದಕ್ಕೆ ರೋಗ ದಾಟಿಸುತ್ತಾ ಹೋದಾಗ, ರೋಗ ಕಾಣಿಸಿಕೊಳ್ಳಲು ಬೇಕಾದ ಸಮಯ ಸುಮಾರು ಏಳು ದಿನಕ್ಕೆ ಬಂದು ನಿಂತಿತು. ಸತ್ತ ಮೊಲದ ಬೆನ್ನುಹುರಿಯನ್ನು ತೆಗೆದು ಒಣ ಗಾಳಿಯ ಗಾಜಿನ ಸೀಸೆಯೊಳಗೆ ನೇತುಹಾಕುತ್ತಿದ್ದರು. ಒಣಗಿದಷ್ಟೂ ಅದರ ಶಕ್ತಿ ಕುಂದುತ್ತಿತ್ತು.

1885ರ ಜುಲೈ 4ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಹುಚ್ಚುನಾಯಿ ಕಚ್ಚಿತು. ಜುಲೈ 6ರಿಂದ ಅವನಿಗೆ ಹದಿಮೂರು ಇಂಜೆಕ್ಷನ್ ಕೊಟ್ಟರು. ಮೊದಲನೆಯದು ಎರಡು ವಾರ ಒಣಗಿಸಿದ ಬೆನ್ನುಹುರಿಯಿಂದ, ಆಮೇಲೆ ದಿನದಿನಕ್ಕೂ ಹೆಚ್ಚು ತಾಜಾ ಇರುವುದರಿಂದ. ಹುಡುಗ ಬದುಕಿದ. ಮುಂದೆ ಪಾಶ್ಚರ್ ಸಂಸ್ಥೆಯಲ್ಲೇ ಕಾವಲುಗಾರನಾದ. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಿಂದ ನಾಲ್ವರು ಹುಡುಗರನ್ನು, ಜನ ಚಂದಾ ಎತ್ತಿ, ಹಡಗಿನಲ್ಲಿ ಪ್ಯಾರಿಸ್‌ಗೆ ಕಳಿಸಿದರು.

ನಮ್ಮ ಕಡೆಗೆ ಈ ಚಿಕಿತ್ಸೆ ಬರಲು ಇನ್ನೂ ಸಮಯ ಹಿಡಿಯಿತು. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. ಮೈಸೂರಿನವರಿಗೆ ಅದು ಎಷ್ಟು ದೂರ ಯೋಚಿಸಿ! 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಶ್ ಎಂಬ ಮಹಿಳೆ ರೇಬೀಸ್‌ನಿಂದ ತೀರಿಕೊಂಡ ಮೇಲೆ ದಕ್ಷಿಣಕ್ಕೂ ಒಂದು ಸಂಸ್ಥೆ ಬೇಕೆಂಬ ಕೂಗು ಎದ್ದಿತು. ಅಮೆರಿಕದ ಉಕ್ಕಿನ ಉದ್ಯಮಿ ಹೆನ್ರಿ ಫಿಪ್ಸ್ ಕೊಟ್ಟ ದೇಣಿಗೆಯ ನೆರವಿನಿಂದ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅದು ತೆರೆಯಿತು. ನಂಜನಗೂಡಿನಿಂದ ಗುಂಡ್ಲುಪೇಟೆ ದಾಟಿ ಊಟಿಗೆ ಹೋಗಿ, ಇನ್ನೊಂದಿಷ್ಟು ಮುಂದೆ ಹೋದರೆ ಕೂನೂರು.

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್, ವೈರಸ್ ಇರುವ ಮಿದುಳಿನ ಅಂಗಾಂಶಕ್ಕೆ ಕಾರ್ಬಾಲಿಕ್ ಆಮ್ಲ ಸೇರಿಸಿ, ವೈರಸ್ಸನ್ನು ಕೊಂದು ಲಸಿಕೆ ಮಾಡುವ ವಿಧಾನ ಕಂಡುಹಿಡಿದರು. ಮೊದಲು ಮೊಲದ ಮಿದುಳು, ಆಮೇಲೆ ಕುರಿಯ ಮಿದುಳು. ಇದನ್ನು ಊರೂರಿನ ಆಸ್ಪತ್ರೆಗೆ ಕಳಿಸಬಹುದಿತ್ತು. ತಾತನ ಹೊಟ್ಟೆಗೆ ಚುಚ್ಚಿದ್ದು ಇದನ್ನೇ. ಡೋಸ್ ದೊಡ್ಡದಾದ್ದರಿಂದ ಚರ್ಮ ಸಡಿಲವಾಗಿರುವ ಹೊಟ್ಟೆಯೇ ಬೇಕಿತ್ತು.

ಆದರೆ ಇದಕ್ಕೆ ಇನ್ನೊಂದು ಮುಖವಿತ್ತು. ಲಸಿಕೆ ಪಡೆದ ಕೆಲವರಿಗೆ, ರೇಬೀಸ್ ಬರದಿದ್ದರೂ, ಕೈಕಾಲು ಬಿದ್ದುಹೋಗುತ್ತಿತ್ತು. 1930ರ ದಶಕದಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್, ವೈರಸ್ ಇಲ್ಲದ ಆರೋಗ್ಯವಂತ ಮೊಲದ ಮಿದುಳನ್ನೇ ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿ ನೋಡಿದರು. ಕೆಲವು ಕೋತಿಗಳಿಗೆ ಪಾರ್ಶ್ವವಾಯು ಬಂತು. ನರಗಳ ಸುತ್ತ ಮಯಲಿನ್ ಎಂಬ ಹೊದಿಕೆ ಇರುತ್ತದೆ. ಹೊರಗಿನಿಂದ ಬಂದ ಮಿದುಳಿನ ಅಂಗಾಂಶದ ಮೇಲೆ ಯುದ್ಧಕ್ಕೆ ಹೊರಟ ದೇಹ, ತನ್ನದೇ ಮಯಲಿನ್ ಮೇಲೂ ದಾಳಿ ಮಾಡುತ್ತಿತ್ತು. ಇವತ್ತು ಮಲ್ಟಿಪಲ್ ಸ್ಕ್ಲೀರೋಸಿಸ್ ಕಾಯಿಲೆಯ ಸಂಶೋಧನೆಗೆ ಆ ಪ್ರಯೋಗವೇ ಒಂದು ಬುನಾದಿ.

ಅಂದರೆ ಜೀವ ಉಳಿಸಿದ್ದೂ ನರದ ಅಂಗಾಂಶ, ಅಪಾಯ ತಂದದ್ದೂ ಅದೇ. ಇದು ಗೊತ್ತಿದ್ದರೂ ದಶಕಗಳ ಕಾಲ ಅದನ್ನೇ ಕೊಟ್ಟರು. ಯಾಕೆಂದರೆ ಅಗ್ಗವಾಗಿ ಹಳ್ಳಿಗೆ ತಲುಪುತ್ತಿದ್ದದ್ದು ಅದು, ಮತ್ತು ರೋಗ ಕಾಣಿಸಿಕೊಂಡ ಮೇಲೆ ಸಾವು ಹೆಚ್ಚುಕಡಿಮೆ ಖಚಿತ. ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ ಬಂದ ಮೇಲೂ, ಭಾರತದಲ್ಲಿ ನರ ಅಂಗಾಂಶದ ಲಸಿಕೆ ನಿಂತದ್ದು 2004ರ ಕೊನೆಗೆ. ಈಗ ತೋಳಿಗೆ ನಾಲ್ಕೈದು ಇಂಜೆಕ್ಷನ್ ಸಾಕು.

ರಜೆಗೆ ಊರಿಗೆ ಹೋದಾಗ ನಾಯಿ ಕಚ್ಚಿದರೆ, ಪರಚಿದರೂ ಸರಿ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ಇಲ್ಲಿ ಜಾರ್ಜಿಯಾದಲ್ಲಿ ರಕೂನ್, ಬಾವಲಿಗಳ ವಿಷಯದಲ್ಲೂ ಅಷ್ಟೇ. ಸೆಪ್ಟೆಂಬರ್ 28, ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನ.

ಈ ಲೇಖನವನ್ನು ತಾತನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಹೆಸರು ಹಾಕಬೇಡ, ವಿಷಯ ಮಾತ್ರ ಇರಲಿ" ಎಂದರು.